ಆಳಿಲ್ಲದ ರಾಕೆಟ್ಟು

ಏಳು ಸಾವಿರ ಮೀಟರಿನವರೆಗೆ ರಾಕೆಟ್ಟು ಸಂಭಾವಿತರ ಮನೆಯ ಕೂಸಿನಂತೆ ನೆಟ್ಟಗೆ ಏರಿತು. ಅಲ್ಲಿ ಅವನು ‘ಸಾಗುವ ದಿಕ್ಕು ಹಿಡಿ’ ಎಂದು ಆಜ್ಞೆ ಕೊಟ್ಟ. ಕೊಟ್ಟದ್ದೇ ತಡ, ಅದು ಏನನ್ನೋ ಮರೆತು ಬಂದವರಂತೆ ಹಿಂದಕ್ಕೆ ತಿರುಗಿ, ಬೆಂಕಿಯನ್ನು ಆಕಾಶಕ್ಕೂ ಮೂತಿಯನ್ನು ನೆಲಕ್ಕೂ ಮಾಡಿಕೊಂಡು ಮಗುಚಿತು. ಕಂಪ್ಯೂಟರಿನ ಪರದೆಯ ಮೇಲೆ ಚೂರುಗಳು ಸದ್ದಿಲ್ಲದೆ ಉದುರಿದವು. ಸದ್ದನ್ನು ಅವನೇ ನಿಲ್ಲಿಸಿಟ್ಟಿದ್ದ, ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿಗೆ ಕೇಳಿಸಬಾರದೆಂದು. ಒಂಬತ್ತು ದಿನದಿಂದ ಇದೇ ಹಾಡು. ರೆಕ್ಕೆ ಹಚ್ಚಿದ್ದಾಯಿತು, ರೆಕ್ಕೆ ದೊಡ್ಡದು ಮಾಡಿದ್ದಾಯಿತು, ಭಾರವನ್ನು ಮೇಲಕ್ಕೆ ತಂದದ್ದಾಯಿತು. ರಾಕೆಟ್ಟನ್ನು ಒಳಗಿನಿಂದಲೇ ಹಿಡಿದು ತಿರುಗಿಸುವ ಚಕ್ರ ಒಂದಿದ್ದದ್ದು ಮೂರಾಯಿತು. ಮೂರಾದ ಮೇಲೆ ಮೂರು ಪಟ್ಟು ಉತ್ಸಾಹದಿಂದ ಮಗುಚಿತು. ಯಂತ್ರಶಾಸ್ತ್ರವನ್ನು ಇಪ್ಪತ್ತಾರು ವರ್ಷ ಕಲಿಸಿದವನು ಅವನು. ಕಾಗದದ ಮೇಲೆ ಈ ರಾಕೆಟ್ಟು ಬೀಳುವ ಹಾಗೇ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಎಷ್ಟು ವಿದ್ಯಾರ್ಥಿಗಳ ಮುಖಕ್ಕೆ ಎಸೆದಿದ್ದನೋ ಲೆಕ್ಕವಿಲ್ಲ. ಈಗ ಅವನಿಗೇ ಈ ಕಂಪ್ಯೂಟರ್ ಆಟ ಬರೆದವರ ಲೆಕ್ಕದಲ್ಲಿ ಏನೋ ಐಬಿರಬೇಕು ಎನ್ನಿಸತೊಡಗಿತ್ತು.

ಗಂಟೆ ಎಂಟೂಮುಕ್ಕಾಲು. ಹನ್ನೊಂದಕ್ಕೆ ಪಾಲಿಟೆಕ್ನಿಕ್ಕಿನ ಸಭಾಂಗಣದಲ್ಲಿ ಇದೇ ರಾಕೆಟ್ಟನ್ನು ಇಡೀ ಸಿಬ್ಬಂದಿಯ ಮುಂದೆ ಹಾರಿಸಿ ತೋರಿಸಬೇಕಿತ್ತು. ಬಿಡಿಭಾಗ ಜೋಡಿಸಿ ರಾಕೆಟ್ಟು ಕಟ್ಟುವ, ಕಟ್ಟಿದ್ದನ್ನು ಹಾರಿಸುವ ಈ ಆಟವನ್ನು ಪಾಠಕ್ಕೆ ಬಳಸಬೇಕೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟವನು ಅವನೇ. ‘ಅರ್ಧ ಗಂಟೆ ಕೊಡಿ ಸರ್, ಸ್ಥಿರತೆ ಅಂದ್ರೇನು ಅಂತ ಮೇಷ್ಟ್ರುಗಳಿಗೂ ಅರ್ಥ ಆಗೋ ಹಾಗೆ ತೋರಿಸ್ತೀನಿ’ ಎಂದು ತುಂಬಿದ ಸಭೆಯಲ್ಲಿ ಹೇಳಿದ್ದ. ಆ ‘ಮೇಷ್ಟ್ರುಗಳಿಗೂ’ ಎಂಬುದನ್ನು ಯಾರೂ ಮರೆತಿರಲಿಕ್ಕಿಲ್ಲ. ಮರೆಯದಿರಲಿ ಎಂದೇ ಹೇಳಿದ್ದು. ರಸಾಯನಶಾಸ್ತ್ರದವರಿಗೆ ಅವನು ಲಿಟ್ಮಸ್ ಎಂದು ಹೆಸರಿಟ್ಟಿದ್ದ, ಎದುರಿಗಿರುವವರು ಯಾರೋ ನೋಡಿಕೊಂಡು ಬಣ್ಣ ಬದಲಿಸುವುದರಿಂದ. ಗಣಿತದವರು ಅವನ ಪಾಲಿಗೆ ಗೈಡುಪುಸ್ತಕ, ಪ್ರಾಂಶುಪಾಲರು ಮೊಹರು. ತನಗೆ ವಿದ್ಯಾರ್ಥಿಗಳು ಗುರುತ್ವ ಎಂದು ಹೆಸರಿಟ್ಟಿರುವುದು ಗೊತ್ತಿತ್ತು, ಅದನ್ನು ಗೌರವವೆಂದೇ ತಿಳಿದಿದ್ದ. ಆಟದಲ್ಲಿ ಬೇಕಾದರೆ ಗಗನಯಾತ್ರಿಗಳನ್ನು ಕೂರಿಸಬಹುದು. ಕೂರಿಸಿದರೆ ರಾಕೆಟ್ಟನ್ನು ಅವರೇ ಸಂಭಾಳಿಸುತ್ತಾರೆ, ಅರ್ಧ ತಲೆನೋವು ಇರುವುದಿಲ್ಲ. ಆದರೆ ಹಾರುವಾಗ ಪರದೆಯ ಮೂಲೆಯಲ್ಲಿ ಗುಂಡುಮುಖ ತೋರಿಸಿ ಹಲ್ಲು ಕಿರಿಯುತ್ತಾರೆ. ಹಲ್ಲು ಕಿರಿಯುವವರನ್ನು ನೋಡುವುದಕ್ಕೆ ಸ್ಟಾಫ್ ರೂಮು ಸಾಲದೇ. ಅವನು ಕಟ್ಟುವುದೆಲ್ಲ ಆಳಿಲ್ಲದ ರಾಕೆಟ್ಟು. ಮೇಲ್ತುದಿಯಲ್ಲಿ ಆರು ಮುಖದ ಒಂದು ನಿಯಂತ್ರಣದ ಪೆಟ್ಟಿಗೆ, ಅದಕ್ಕೆ ಬ್ಯಾಟರಿ. ಅಷ್ಟೇ, ಬೇರೆ ಯಾರ ಹಂಗೂ ಇಲ್ಲ.

‘ಹೊರಟೆ’ ಎಂದು ಎದ್ದು ಸ್ವೆಟರು ಹಾಕಿಕೊಂಡ. ಹೆಂಡತಿ ತಲೆಯೆತ್ತಿ ನೋಡಿದಳು. ಅಡಿಯಿಂದ ಮುಡಿಯವರೆಗೆ, ಗಿರಾಕಿಯ ಅಳತೆ ತೆಗೆಯುವವಳ ಹಾಗೆ ಪೂರ್ತಿ ನೋಡಿದಳು. ಅವನು ಒಂದು ಗಳಿಗೆ ನಿಂತ. ‘ಏನು?’ ಎಂದ. ‘ಏನಿಲ್ಲ’ ಎಂದು ಅವಳು ಮತ್ತೆ ಬಟ್ಟೆಯ ಮೇಲೆ ಬಾಗಿದಳು. ‘ಕೊಡೆ ತಗೊಂಡು ಹೋಗ್ಲಾ?’ ಎಂದು ಕೇಳಿದ. ಕೊಡೆಯ ಅಗತ್ಯವೇನೂ ಇರಲಿಲ್ಲ, ಅವಳ ಬಾಯಿಂದ ಒಂದು ಬೇಕು, ಒಂದು ಬೇಡ ಹೊರಡಲಿ ಎಂದಷ್ಟೇ ಕೇಳಿದ್ದು. ‘ನಿಮಗೆ ಗೊತ್ತಿರುತ್ತೆ’ ಎಂದಳು.

ಒಂಬತ್ತು ದಿನದಿಂದ ಅವಳದು ಇದೊಂದೇ ಮಾತು. ಸಾರಿಗೆ ಉಪ್ಪು ಕಡಿಮೆಯಾಯಿತೇ ಎಂದರೆ, ನಿಮಗೆ ಗೊತ್ತಿರುತ್ತೆ. ಬಾಗಿಲಿಗೆ ಚಿಲಕ ಹಾಕಿದೆನೇ ಎಂದರೆ, ನಿಮಗೆ ಗೊತ್ತಿರುತ್ತೆ. ಜಗಳವಿಲ್ಲ, ಮುನಿಸಿಲ್ಲ, ತಟ್ಟೆ ಕುಕ್ಕುವುದಿಲ್ಲ. ಇಪ್ಪತ್ತೆರಡು ವರ್ಷ ಅವನನ್ನು ತಿದ್ದಿದವಳು ಅವಳು. ಕಾಲರು ಮಡಚಿದೆ, ಚಪ್ಪಲಿ ಅದಲುಬದಲಾಗಿದೆ, ಆ ಹೆಸರು ಅದಲ್ಲ ಇದು, ಇವತ್ತು ಮಂಗಳವಾರ ಅಲ್ಲ ಬುಧವಾರ. ಅವನು ಪ್ರತಿ ಸಲವೂ ಹುಬ್ಬು ಗಂಟಿಕ್ಕಿಯೇ ತಿದ್ದಿಕೊಂಡಿದ್ದ, ಒಂದು ಸಲವೂ ಹೌದೆಂದಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಆದರೂ ಅವಳು ಹೇಳುವುದನ್ನು ಬಿಟ್ಟಿರಲಿಲ್ಲ. ಒಂಬತ್ತು ದಿನದ ಹಿಂದಿನ ಆ ಭಾನುವಾರ ಮಧ್ಯಾಹ್ನ ಅವಳ ಅಕ್ಕನೂ ಷಡ್ಡಕನೂ ಊಟಕ್ಕೆ ಬಂದಿದ್ದರು. ಷಡ್ಡಕನದು ಹಾಸಿಗೆ ಅಂಗಡಿ. ಜಗತ್ತಿನ ಯಾವ ವಿಷಯ ಎತ್ತಿದರೂ ಅದನ್ನು ಬೆನ್ನುನೋವಿಗೆ ತಂದು ನಿಲ್ಲಿಸಬಲ್ಲ ಮನುಷ್ಯ. ‘ಏನೋ ರಾಕೆಟ್ ಬಿಡ್ತೀರಂತಲ್ಲ, ತೋರ್ಸಿ ನೋಡೋಣ’ ಎಂದ. ಇವನು ತೋರಿಸಿದ. ಹೊಸದಾಗಿ ಕಟ್ಟಿದ್ದು, ಹಳೆಯ ರಾಕೆಟ್ಟಿನಿಂದ ಪೆಟ್ಟಿಗೆ ಕಿತ್ತು ಅವಸರದಲ್ಲಿ ಇದಕ್ಕೆ ಕೂರಿಸಿದ್ದ. ಹಾರಿತು, ಮಗುಚಿತು. ಷಡ್ಡಕ ನಕ್ಕ. ‘ಒಳಗೆ ಒಬ್ಬ ಮನುಷ್ಯನ್ನ ಕೂರಿಸಿಬಿಡಿ ಮೇಷ್ಟ್ರೇ, ಜೀವಭಯಕ್ಕಾದ್ರೂ ನೆಟ್ಟಗೆ ಓಡಿಸ್ತಾನೆ’ ಎಂದ. ಆಗಲೇ ನೀರಿನ ಚೆಂಬು ಹಿಡಿದು ನಿಂತಿದ್ದ ಹೆಂಡತಿ ಪರದೆಗೆ ಬೆರಳು ತೋರಿಸಿ, ‘ಆ ಮೇಲಿನ ಪೀಸು ತಿರುವುಮುರುವು ಕೂರಿಸಿದೀರೇನೋ ನೋಡಿ. ಹಳೇದರಲ್ಲಿ ಆ ಕೆಂಪು ಪಟ್ಟಿ ಮೇಲಿತ್ತು, ಇದರಲ್ಲಿ ಕೆಳಗಿದೆ. ಮಖಮಲ್ಲಿನ ಬಟ್ಟೆಗೂ ಹೀಗೇ, ದಿಕ್ಕು ನೋಡದೆ ಕತ್ತರಿಸಿದ್ರೆ ಎಲ್ಲಾ ಸರಿ ಇದ್ರೂ ತೋಳು ಬೇರೆ ಬಣ್ಣ ಕಾಣುತ್ತೆ’ ಎಂದಳು.

ಅವನು ಕುರ್ಚಿಯನ್ನು ಪೂರ್ತಿ ತಿರುಗಿಸಿ ಅವಳನ್ನು ನೋಡಿದ್ದ. ತರಗತಿಯಲ್ಲಿ ಪೆದ್ದು ಪ್ರಶ್ನೆ ಕೇಳಿದವರ ಕಡೆಗೆ ತಿರುಗುವಷ್ಟೇ ನಿಧಾನವಾಗಿ. ‘ಇದು ಅಂಗಿಗೆ ತೋಳು ಹಚ್ಚೋ ಕೆಲಸ ಅಲ್ಲಮ್ಮ. ಸೂಜಿಗೆ ದಾರ ಪೋಣಿಸೋದು ಬಿಟ್ಟು ನಿನಗೇನು ಗೊತ್ತು ಅಂತ ನಡುವೆ ಬಾಯಿ ಹಾಕ್ತೀಯ? ಗೊತ್ತಿಲ್ಲದೋರು ಗೊತ್ತಿಲ್ಲದ ಹಾಗೆ ಇದ್ರೆ ಒಂದು ಲಕ್ಷಣ.’ ಷಡ್ಡಕ ಇನ್ನೊಮ್ಮೆ ನಕ್ಕ. ಅಕ್ಕ ತನ್ನ ತಟ್ಟೆ ನೋಡಿಕೊಂಡಳು. ಹೆಂಡತಿಯೂ ಸ್ವಲ್ಪ ನಕ್ಕಳು, ನೆಂಟರ ಎದುರಿಗೆ ನಗದೆ ಇನ್ನೇನು ಮಾಡಲು ಸಾಧ್ಯವೋ ಆ ನಗು. ಆಮೇಲೆ ಎಲ್ಲರ ಲೋಟಕ್ಕೂ ನೀರು ಹಾಕಿದಳು, ಅವನದಕ್ಕೂ. ಅವನಿಗೆ ಅವಳ ಅಳು ಗೊತ್ತಿತ್ತು, ಅದಕ್ಕೆ ಉತ್ತರವಿತ್ತು. ಆ ನಗುವಿಗೆ ಉತ್ತರ ಸಿಕ್ಕಿರಲಿಲ್ಲ. ಅಂದಿನಿಂದ ಇಂದಿನವರೆಗೆ ಅವನ ಕೈ ಎರಡು ಸಲ ಆ ಪೆಟ್ಟಿಗೆಯ ಮೇಲೆ ಹೋಗಿತ್ತು. ಒತ್ತಿ ತಿರುಗಿಸಿ ನೋಡಿದರೆ ಹತ್ತು ಸೆಕೆಂಡಿನ ಕೆಲಸ. ಆದರೆ ಅವಳು ಹಿಂದೆ ಕಿಟಕಿಯ ಬಳಿ ಕೂತಿರುತ್ತಿದ್ದಳು. ಅವಳು ಹೇಳಿದ್ದನ್ನು ಪರೀಕ್ಷಿಸಿ ನೋಡುವುದೆಂದರೆ ಅದು ಪರೀಕ್ಷೆಗೆ ಯೋಗ್ಯವೆಂದು ಒಪ್ಪಿದಂತೆ. ಎರಡು ಸಲವೂ ಕೈ ಹಿಂದಕ್ಕೆ ತೆಗೆದು ಇನ್ನೊಂದು ಜೊತೆ ರೆಕ್ಕೆ ಹಚ್ಚಿದ್ದ.

ಬೀದಿಯಲ್ಲಿ ನಡೆಯುತ್ತ ಅವನು ಎಂದಿನಂತೆ ಜನರನ್ನು ತೂಗುತ್ತ ಹೋದ. ಫೋನಿಗೆ ಕೊರಳು ಕೊಟ್ಟು ನಡೆಯುವವರು, ನಾಯಿಯನ್ನು ಎಳೆಯುತ್ತೇವೆಂದು ತಿಳಿದು ನಾಯಿಯಿಂದ ಎಳೆಸಿಕೊಳ್ಳುವವರು, ಸಿಗ್ನಲ್ಲಿನಲ್ಲಿ ಹಸಿರು ಬಂದ ಮೇಲೆ ಗೇರು ಹುಡುಕುವವರು. ಇವರೆಲ್ಲರ ಭಾರದ ಕೇಂದ್ರ ತಪ್ಪಾದ ಜಾಗದಲ್ಲಿದೆ. ರಾಕೆಟ್ಟಿನ ವಿಷಯ ಯಾರನ್ನಾದರೂ ಕೇಳಬಹುದಿತ್ತು, ಅದು ಇನ್ನೊಂದು ಸಂಕಟ. ಈ ಆಟವಾಡುವವರು ತಮ್ಮ ತೊಂದರೆ ಬರೆದು ಹಾಕುವ ಜಾಲತಾಣವೊಂದಿತ್ತು. ಬರೆದ ಐದು ನಿಮಿಷದಲ್ಲಿ ಯಾರಾದರೂ ಉತ್ತರಿಸುತ್ತಿದ್ದರು. ಆದರೆ ಅಲ್ಲಿ ಉತ್ತರಿಸುವವನೇ ಅವನು. ನಾಲ್ಕು ವರ್ಷದಿಂದ ಹೊಸಬರಿಗೆ, ‘ಮೊದಲು ಓದಿಕೊಂಡು ಬಾ, ಆಮೇಲೆ ಹಾರಿಸು’ ಎಂದು ಛೀಮಾರಿ ಹಾಕುತ್ತ ಬಂದವನು. ನನ್ನ ರಾಕೆಟ್ಟು ಮಗುಚುತ್ತದೆ ಸ್ವಾಮಿ, ಕಾಪಾಡಿ ಎಂದು ಅವನು ಬರೆಯಲಾದೀತೇ? ಬೇರೆ ಹೆಸರಿನಲ್ಲಿ ಬರೆಯೋಣವೆಂದು ನಿನ್ನೆ ಒಂದು ಸುಳ್ಳು ಹೆಸರನ್ನೂ ಯೋಚಿಸಿದ್ದ. ಯೋಚಿಸಿದ್ದಕ್ಕೇ ಮೈಯೆಲ್ಲ ಬಿಸಿಯಾಗಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿದ್ದ.

ಸ್ಟಾಫ್ ರೂಮಿನಲ್ಲಿ ಅಂದು ಎಲ್ಲರೂ ಬೇಗ ಬಂದಿದ್ದರು. ಯಾರಾದರೂ ಬೀಳುವುದನ್ನು ನೋಡುವುದಿದ್ದರೆ ಬೇಗ ಬಂದು ಜಾಗ ಹಿಡಿಯುತ್ತಾರೆ. ‘ಏನ್ ಸರ್, ಇವತ್ತು ಚಂದ್ರನಾ ಮಂಗಳನಾ?’ ಎಂದರು ಲಿಟ್ಮಸ್. ‘ನಿಮ್ಮನ್ನ ಕಳಿಸೋ ಹಾಗಿದ್ರೆ ಇನ್ನೂ ದೂರ’ ಎಂದ. ನಕ್ಕರು. ಆದರೆ ನಗುವವರ ಕಣ್ಣು ಅವನ ಮುಖ ಬಿಟ್ಟು ಎದೆಯ ಮೇಲೆ ನಿಂತಿದ್ದವು. ಏನೆಂದು ಅವನಿಗೆ ತಿಳಿಯಲಿಲ್ಲ. ಡ್ರಾಯಿಂಗ್ ಮೇಡಂ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ, ‘ಸರ್, ಗುಂಡಿ’ ಎಂದರು. ನೋಡಿಕೊಂಡ. ಸ್ವೆಟರಿನ ಮೊದಲ ಗುಂಡಿ ಎರಡನೆಯ ತೂತಿನಲ್ಲಿ ಹೊಕ್ಕಿತ್ತು. ಅಲ್ಲಿಂದ ಕೆಳಗೆ ಎಲ್ಲವೂ ಒಂದೊಂದು ಮನೆ ತಪ್ಪಿ, ಒಂದು ಬದಿ ಮೇಲಕ್ಕೇರಿ ಇನ್ನೊಂದು ಬದಿ ತೊಡೆಯವರೆಗೆ ಜೋತುಬಿದ್ದಿತ್ತು. ಹೀಗೆಯೇ ಅರ್ಧ ಊರು ದಾಟಿ ಬಂದಿದ್ದ. ಗೋಡೆಯ ಕಡೆ ತಿರುಗಿ ಬಿಚ್ಚಿ ಸರಿಯಾಗಿ ಹಾಕಿಕೊಂಡ. ಮೊಹರಿನ ಎದುರು ಹೀಗೆ ನಿಂತಿದ್ದರೆ ಎಂಬ ನಾಚಿಕೆ ಬಂದು ಹೋಯಿತು, ನಿಲ್ಲಲಿಲ್ಲ. ನಿಂತದ್ದು ಬೇರೆ. ಒಮ್ಮೆ ಬಸ್ಸಿನಲ್ಲಿ ಮುಂದೆ ನಿಂತಿದ್ದ ಗುರುತಿಲ್ಲದ ಮುದುಕನ ಕೋಟಿನ ಗುಂಡಿ ಹೀಗೇ ತಪ್ಪಿದ್ದನ್ನು ಕಂಡು, ತಡೆದುಕೊಳ್ಳಲಾರದೆ ‘ಇರಿ ತಾತ’ ಎಂದು ಅವನ ಎದೆಗೇ ಕೈಹಾಕಿ ಸರಿಪಡಿಸಿದವಳು ಅವನ ಹೆಂಡತಿ. ಇವತ್ತು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುಂಡಿ ತಪ್ಪಿದ್ದು ಅವಳ ಕಣ್ಣಿಗೆ ಬೀಳದಿರುವುದು ಸಾಧ್ಯವೇ ಇಲ್ಲ. ನೋಡಿ, ಏನಿಲ್ಲ ಎಂದಳು. ಅವಳು ಸೇಡು ತೀರಿಸಿಕೊಂಡಿದ್ದಾಳೆ ಎಂದುಕೊಳ್ಳಲು ಪ್ರಯತ್ನಪಟ್ಟ. ಹಾಗಿದ್ದರೆ ಎಷ್ಟೋ ಹಗುರ. ಅವಳಿಗೆ ಸೇಡಿನ ಅಭ್ಯಾಸವಿಲ್ಲ. ಮುದುಕನಿಗೆ ಕೊಟ್ಟದ್ದನ್ನು ತನಗೆ ಕೊಡದಷ್ಟು ಅವನು ಅವಳಿಗೆ ಪರಕೀಯನಾಗಿದ್ದ. ಇದು ಹೀಗೇ ಮುಂದುವರಿದರೆ ಉಳಿದ ಆಯುಷ್ಯವೆಲ್ಲ ತಪ್ಪು ಗುಂಡಿ ಹಾಕಿಕೊಂಡು ತಿರುಗಬೇಕಾದೀತು ಎಂದು ಅವನಿಗೆ ನಿಜಕ್ಕೂ ಭಯವಾಯಿತು.

ಸಭಾಂಗಣದ ಕಂಪ್ಯೂಟರಿಗೆ ಆಟವನ್ನು ಹಿಂದಿನ ದಿನವಷ್ಟೇ ಹೊಸದಾಗಿ ಹಾಕಿಸಿದ್ದರು. ಅವನು ತನ್ನ ರಾಕೆಟ್ಟನ್ನು ತೆರೆದು ಉಡಾವಣೆಯ ಕಟ್ಟೆಗೆ ತಂದು ನಿಲ್ಲಿಸಿದ. ದೊಡ್ಡ ಬಿಳಿಯ ಪರದೆಯ ಮೇಲೆ ಅದು ಮೊದಲ ಬಾರಿಗೆ ಆಳೆತ್ತರ ಕಂಡಿತು. ಕೆಳಗೆ ನಡುವಿನಲ್ಲಿ ಒಂದು ಗೋಲ. ರಾಕೆಟ್ಟು ಯಾವ ಕಡೆ ಮುಖ ಮಾಡಿದೆ ಎಂದು ತೋರಿಸುವುದು ಅದರ ಕೆಲಸ, ಆಕಾಶಕ್ಕೆ ನೀಲಿ, ನೆಲಕ್ಕೆ ಕಂದು. ಮನೆಯಲ್ಲಿ ಆ ಗೋಲವನ್ನು ಅವನು ವರ್ಷದ ಹಿಂದೆಯೇ ಪರದೆಯಿಂದ ತೆಗೆದುಹಾಕಿದ್ದ. ಸೈಕಲ್ ಕಲಿಯುವವರಿಗೆ ಹಿಂದೆ ಕಟ್ಟುವ ಸಣ್ಣ ಚಕ್ರದ ಹಾಗೆ ಅದು, ಹೊಸಬರಿಗೆ. ಇಲ್ಲಿ ಅದು ಇತ್ತು. ಅವನು ಅದರ ಕಡೆ ನೋಡದೆ ಸ್ಥಿರತೆಯ ಕುರಿತು ನಾಲ್ಕು ಮಾತಾಡಿ, ಗೈಡುಪುಸ್ತಕದ ಆಕಳಿಕೆಯನ್ನು ಹೆಸರು ಹಿಡಿದು ಕೂಗಿ ನಿಲ್ಲಿಸಿ, ಹಾರಿಸಿದ. ಏರಿತು. ಏಳು ಸಾವಿರ. ಆಜ್ಞೆ ಕೊಟ್ಟ. ಮಗುಚಿತು. ಹಿಂದಿನ ಸಾಲಿನಲ್ಲಿ ಯಾರೋ ‘ಅಯ್ಯೋ ಪಾಪ’ ಎಂದರು, ಅದಕ್ಕೆ ಇಡೀ ಸಭೆ ನಕ್ಕಿತು. ಇಪ್ಪತ್ತಾರು ವರ್ಷದ ಬಾಕಿಯನ್ನು ಒಂದೇ ಸಲಕ್ಕೆ ವಸೂಲು ಮಾಡುವ ನಗು. ಮೊಹರು ಕೂಡ ಕರವಸ್ತ್ರದಲ್ಲಿ ಬಾಯೊರೆಸಿಕೊಳ್ಳುವಂತೆ ನಟಿಸಿದರು.

ಅವನು ರಾಕೆಟ್ಟನ್ನು ಮತ್ತೆ ಕಟ್ಟೆಗೆ ತಂದು ನಿಲ್ಲಿಸಿದ. ಆಗ ಗೋಲದ ಮೇಲೆ ಕಣ್ಣು ಬಿತ್ತು. ಕಂದು. ರಾಕೆಟ್ಟು ಆಕಾಶ ನೋಡುತ್ತ ನಿಂತಿತ್ತು, ಗೋಲ ಮಾತ್ರ ಅದು ನೆಲ ನೋಡುತ್ತಿದೆ ಎನ್ನುತ್ತಿತ್ತು. ಪೆಟ್ಟಿಗೆಗೆ ತನ್ನ ತಲೆ ಯಾವುದು, ಕಾಲು ಯಾವುದು ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಸಾಗುವ ದಿಕ್ಕಿಗೆ ತಲೆ ಮಾಡು ಎಂದಾಗ ಪಾಪ ಅದು ಅಷ್ಟೂ ಚಕ್ರಗಳ ಬಲ ಹಾಕಿ ನಿಷ್ಠೆಯಿಂದ ತಿರುಗುತ್ತಿತ್ತು. ಇದನ್ನೇ ಅವನು ಜಾಲತಾಣದಲ್ಲಿ ಕನಿಷ್ಠ ಇಪ್ಪತ್ತು ಮಂದಿಗೆ ಬರೆದಿದ್ದ. ‘ಪೆಟ್ಟಿಗೆ ತಲೆಕೆಳಗಾಗಿದೆಯೇ ನೋಡು, ಮೂರ್ಖ.’ ಕೆಂಪು ಪಟ್ಟಿ ಕೆಳಗಿತ್ತು. ಚೆಂಬು ಹಿಡಿದ ಕೈ ನೆನಪಾಯಿತು, ತೋರಿಸಿದ ಬೆರಳು, ಅದರ ತುದಿಯಲ್ಲಿ ಸೂಜಿ ತಾಗಿ ದಡ್ಡುಗಟ್ಟಿದ ಚರ್ಮ. ಅವಳಿಗೆ ಮೊದಲ ನೋಟಕ್ಕೇ ಕಂಡಿತ್ತು. ಸಭೆ ಇನ್ನೂ ನಗುತ್ತಿತ್ತು. ಆ ನಗುವಿನ ಎದುರು ನಿಂತು, ಯಾರೋ ಅವನ ಬಾಯಿಂದ ಹೇಳಿಸಿದಂತೆ, ಅವನು ಹೇಳಿದ: ‘ನಕ್ಕಿದ್ದು ಮುಗೀತಾ? ಈಗ ನೋಡಿ. ಈ ಪೆಟ್ಟಿಗೇನ ನಾನು ಬೇಕಂತಲೇ ತಲೆಕೆಳಗೆ ಕೂರಿಸಿದ್ದೆ. ನಿಮ್ಮಲ್ಲಿ ಒಬ್ಬರಾದ್ರೂ ಕಂಡುಹಿಡೀತೀರಾ ಅಂತ. ನಲವತ್ತು ಜನ, ಎಂಬತ್ತು ಕಣ್ಣು. ಒಬ್ಬರಿಗೂ ಕಾಣಲಿಲ್ಲ.’

ಪೆಟ್ಟಿಗೆಯನ್ನು ತಿರುಗಿಸಿ ಹಾರಿಸಿದ. ಏಳು ಸಾವಿರ, ಹತ್ತು ಸಾವಿರ, ಮೂವತ್ತು. ದಾರ ಎಳೆದಂತೆ ಹೋಯಿತು, ಆಕಾಶ ಕಪ್ಪಾಯಿತು. ಚಪ್ಪಾಳೆ ಬಿತ್ತು. ಲಿಟ್ಮಸ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ‘ಪಾಠ ಅಂದ್ರೆ ಇದು’ ಎಂದರು ಮೊಹರು. ಜಟ್ಟಿ ಜಾರಿ ಬಿದ್ದಿದ್ದ, ಮೀಸೆಗೆ ಮಣ್ಣು ತಾಗಿರಲಿಲ್ಲ. ಇಷ್ಟು ಸುಲಭವಾಗಿ ನಂಬಿದರಲ್ಲ ಎಂದು ಅವನಿಗೆ ಅವರೆಲ್ಲರ ಮೇಲೆ ಹೇಸಿಗೆ ಹುಟ್ಟಿತು. ಇವರನ್ನು ಮೆಚ್ಚಿಸಲು ಇಪ್ಪತ್ತಾರು ವರ್ಷ ಕಷ್ಟಪಟ್ಟವನ ಮೇಲೂ ಹುಟ್ಟಿತು. ಸಂಜೆ ಮನೆಗೆ ಹೊರಟವನು ದಾರಿಯುದ್ದಕ್ಕೂ ಹೆಂಡತಿಗೆ ಹೇಳಲು ಒಂದು ವಾಕ್ಯ ಕಟ್ಟಿಕೊಂಡು ಬಂದ. ನೀನು ಹೇಳಿದ್ದೇ ಸರಿ. ಮೂರೇ ಪದ. ಮೊದಲ ಪದಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ಅಂದು ನೀನು ಹೇಳಿದ್ದು ಒಂದು ರೀತಿಯಲ್ಲಿ ಸರಿ ಎಂದು ಬದಲಿಸಿದ. ಮನೆಯ ಮೂಲೆ ತಿರುಗುವಾಗ ಆ ‘ಒಂದು ರೀತಿಯಲ್ಲಿ’ಯನ್ನು ಕಿತ್ತು ಹಾಕಿದ. ಹೇಳಿಯೇ ತೀರುತ್ತೇನೆ ಎನ್ನುವಷ್ಟು ಧೈರ್ಯ ಬಂದಿತ್ತು.

ಒಳಗೆ ಡ್ರಾಯಿಂಗ್ ಮೇಡಂ ಇದ್ದರು. ಸಂಜೆ ನಾಲ್ಕಕ್ಕೆ ಅವರ ಕೋಟು ಅಳತೆಗೆ ಹಾಕಿ ನೋಡುವುದಿತ್ತು, ಅವನಿಗಿಂತ ಮೊದಲೇ ಆಟೋ ಹಿಡಿದು ಬಂದಿದ್ದರು. ಕನ್ನಡಿಯ ಎದುರು ಕೈ ಚಾಚಿ ನಿಂತಿದ್ದರು, ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರ ಭುಜ ಮಡಚುತ್ತಿದ್ದಳು. ‘ಬನ್ನಿ ಸರ್, ನಿಮ್ಮ ಪ್ರತಾಪವೇ ಹೇಳೋಕೆ ಹೊರಟಿದ್ದೆ’ ಎಂದ ಮೇಡಂ ಹೆಂಡತಿಯ ಕಡೆ ತಿರುಗಿದರು. ‘ನಿಮ್ಮ ಮನೆಯವರು ನಮ್ಮನ್ನೆಲ್ಲಾ ಎಂಥಾ ಬೇಸ್ತು ಬೀಳಿಸಿದ್ರು ಗೊತ್ತೇನ್ರಿ? ಆ ಮೇಲಿನ ಪೆಟ್ಟಿಗೇನ ಬೇಕಂತಲೇ ಉಲ್ಟಾ ಹಾಕಿ ತಂದಿದಾರೆ. ನಾವು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಮಂಗಳಾರತಿ ಮಾಡಿದ್ರು ನೋಡಿ.’

ಹೆಂಡತಿಯ ಕೈ ನಿಂತಿತು. ಬಾಯಿಂದ ಒಂದೊಂದೇ ಗುಂಡುಸೂಜಿ ತೆಗೆದು ದಿಂಬಿಗೆ ಚುಚ್ಚಿದಳು. ನಾಲ್ಕಿದ್ದವು. ನಾಲ್ಕೂ ಮುಗಿದ ಮೇಲೆ ಅವನ ಕಡೆ ತಿರುಗಿ, ‘ಬೇಕಂತಲೇ ಹಾಕಿದ್ದಾ?’ ಎಂದು ಕೇಳಿದಳು.

ಒಂಬತ್ತು ದಿನದಲ್ಲಿ ಅವಳು ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವಳ ಕಣ್ಣಿನಲ್ಲಿ ಕುಹಕವಿರಲಿಲ್ಲ. ಉತ್ತರ ಗೊತ್ತಿರುವವಳು, ಅವನ ಬಾಯಿಂದ ಬಂದರೆ ಸಾಕೆಂದು ಒಂದಷ್ಟು ಜಾಗ ಬಿಟ್ಟು ನಿಂತಿದ್ದಳು, ಅಷ್ಟೇ. ಇಲ್ಲ ಎಂದುಬಿಟ್ಟರೆ ನಾಳೆ ಬೆಳಿಗ್ಗೆ ಮತ್ತೆ ಕಾಲರು ಮಡಚಿದೆ ಎನ್ನುತ್ತಾಳೆ, ಅದು ಅವನಿಗೆ ತಿಳಿದಿತ್ತು. ಇಲ್ಲ ಎಂದರೆ ನಾಳೆ ಹತ್ತರೊಳಗೆ ಮೇಡಂ ಬಾಯಿಂದ ಲಿಟ್ಮಸ್ ಕಿವಿಗೆ ಹೋಗುತ್ತದೆ, ಅದೂ ತಿಳಿದಿತ್ತು. ದಾರಿಯಲ್ಲಿ ಕಟ್ಟಿಕೊಂಡು ಬಂದ ಮೂರು ಪದ ಸಿದ್ಧವಾಗಿಯೇ ಇತ್ತು. ಮೇಡಂ ಕೈ ಚಾಚಿಕೊಂಡೇ ನಗುತ್ತ ಅವನನ್ನು ನೋಡುತ್ತಿದ್ದರು.

‘ಹೌದು’ ಎಂದ.

ಹೆಂಡತಿ ತಲೆಯಾಡಿಸಿದಳು. ‘ಹಾಗಾದ್ರೆ ನಾನೇ ತಪ್ಪು ತಿಳ್ಕೊಂಡಿದ್ದೆ.’

‘ಏನು ತಪ್ಪು?’ ಎಂದರು ಮೇಡಂ.

‘ಏನಿಲ್ಲ ಬಿಡಿ’ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ದಿಂಬಿನಿಂದ ಗುಂಡುಸೂಜಿ ಕಿತ್ತು ಮತ್ತೆ ಬಾಯಲ್ಲಿ ಕಚ್ಚಿಕೊಂಡು, ಕೋಟಿನ ತೋಳು ಹಿಡಿದು, ಇಷ್ಟು ಉದ್ದ ಸಾಕೇ ಎಂದು ಹುಬ್ಬಿನಲ್ಲೇ ಕೇಳಿದಳು. ‘ಸ್ವಲ್ಪ ಮೇಲಕ್ಕೆ’ ಎಂದರು ಮೇಡಂ.